ತೋಸೆ: ಹೆಸರು ಹಾಕದ ಕಂಪೆನಿಯ ಕಥೆ

ಜಪಾನಿನ ಕ್ಯೋಟೋ ನಗರದಲ್ಲಿ ತೋಸೆ ಎಂಬ ಒಂದು ಕಂಪೆನಿ ಉಂಟು. ಮನೆಯಲ್ಲಿ ಈ ಹೆಸರು ಹೇಳಿದಾಗ ಉಮ್ಮ, "ದೋಸೆಯಾ?" ಎಂದು ಕೇಳಿದರು. ದೋಸೆಯಲ್ಲ, ತೋಸೆ. ವಿಡಿಯೋ ಗೇಮ್ ಮಾಡುವ ಕಂಪೆನಿ. 1979ರ ನವೆಂಬರ್‌ನಲ್ಲಿ ಶುರುವಾದದ್ದು ಇವತ್ತಿಗೂ ನಡೆಯುತ್ತಾ ಇದೆ. 2006ರ ಹೊತ್ತಿಗೇ ಅವರು ಮಾಡಿಕೊಟ್ಟ ಆಟಗಳ ಲೆಕ್ಕ ಸಾವಿರ ದಾಟಿತ್ತು. ಇಷ್ಟು ಆಟ ಮಾಡಿದ ಕಂಪೆನಿಗಳು ಇಡೀ ಪ್ರಪಂಚದಲ್ಲಿ ತುಂಬಾ ಇಲ್ಲ. ಆದರೆ ಅವರ ಆಟ ಆಡಿ ದೊಡ್ಡವರಾದ ಜಪಾನಿನ ಮಕ್ಕಳಿಗೇ ಅವರ ಹೆಸರು ಗೊತ್ತಿರಲಿಲ್ಲ. ಕಾರಣ ಇಷ್ಟೇ: ಅವರು ತಾವು ಮಾಡಿದ ಆಟಕ್ಕೆ ತಮ್ಮ ಹೆಸರು ಹಾಕುವುದಿಲ್ಲ.

ಇದರಲ್ಲಿ ನಮ್ಮವರಿಗೆ ಏನು ಉಂಟು ಎಂದು ನೀವು ಕೇಳಬಹುದು. ನಾನು ಉಪ್ಪಳದ ಕಡೆಯ ಅಂಗಡಿಯವನ ಮಗ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಮಂಗಳೂರಿನ ಬೈಕಂಪಾಡಿಯಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ನಡೆಯುವುದು ಜಾಬ್ ವರ್ಕ್. ಪಾರ್ಟಿ ಡ್ರಾಯಿಂಗ್ ಕೊಡುತ್ತದೆ, ಕೆಲವು ಸಲ ಕಬ್ಬಿಣವನ್ನೂ ಕೊಡುತ್ತದೆ. ನಾವು ಕೊರೆದು, ತಿರುಗಿಸಿ, ಉಜ್ಜಿ, ಕೊನೆಗೆ ಪಾರ್ಟಿಯ ಹೆಸರನ್ನು ಪಂಚ್ ಮಾಡಿ ಕಳಿಸುತ್ತೇವೆ. ಆ ಪಾರ್ಟು ಯಾವ ಗಾಡಿಗೆ ಹೋಯಿತು, ಯಾವ ಊರಲ್ಲಿ ಓಡುತ್ತಿದೆ ಎಂದು ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ವಿಡಿಯೋ ಗೇಮಿನಲ್ಲಿಯೂ ಜಾಬ್ ವರ್ಕ್ ಉಂಟು, ಅದನ್ನೇ ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಾಡಿ ಷೇರುಪೇಟೆಯವರೆಗೆ ಹೋದ ಒಂದು ಕಂಪೆನಿ ಉಂಟು ಎಂದು ತಿಳಿದಾಗ ನನಗೆ ಬಿಡಲಾಗಲಿಲ್ಲ. ರಾತ್ರಿ ಶಿಫ್ಟ್ ಮುಗಿಸಿ ಬಂದು ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

1979ರ ಕಥೆ ಹೇಳಬೇಕಾದರೆ ಮೊದಲು ಅಮೆರಿಕಕ್ಕೆ ಹೋಗಬೇಕು. ಆ ಕಾಲಕ್ಕೆ ಮನೆಯ ಟಿವಿಗೆ ಜೋಡಿಸಿ ಆಡುವ ಆಟದಲ್ಲಿ ಅಟಾರಿ ಕಂಪೆನಿಯದ್ದೇ ರಾಜ್ಯ. ಒಂದು ಆಟ ಎಂದರೆ ಒಬ್ಬನೇ ಮನುಷ್ಯನ ಕೆಲಸ. ಯೋಚನೆ ಅವನದ್ದು, ಚಿತ್ರ ಅವನದ್ದು, ಶಬ್ದ ಅವನದ್ದು, ಲೆಕ್ಕವೂ ಅವನದ್ದು. ಆದರೆ ಪೆಟ್ಟಿಗೆಯ ಮೇಲೆ ಇರುತ್ತಿದ್ದದ್ದು ಅಟಾರಿ ಎಂಬ ಹೆಸರು ಮಾತ್ರ. ಡೇವಿಡ್ ಕ್ರೇನ್ ಎಂಬ ಪ್ರೋಗ್ರಾಮರ್ ಮತ್ತು ಅವನ ಮೂವರು ಜೊತೆಗಾರರು ಯಾವ ಆಟ ಎಷ್ಟು ಮಾರಾಟವಾಗಿದೆ ಎಂಬ ಪಟ್ಟಿ ನೋಡಿದರು. ಕಂಪೆನಿಯ ಮಾರಾಟದ ಅರ್ಧಕ್ಕಿಂತ ಹೆಚ್ಚು ಪಾಲು ತಾವು ನಾಲ್ಕೇ ಜನ ಮಾಡಿದ ಆಟಗಳಿಂದ ಬರುತ್ತಿದೆ ಎಂದು ಅವರಿಗೆ ಕಂಡಿತು. ಹೆಸರು ಬೇಕು, ಸ್ವಲ್ಪ ಪಾಲು ಬೇಕು ಎಂದು ಕೇಳಲು ದೊಡ್ಡ ಸಾಹೇಬರ ಬಳಿ ಹೋದರು. ಆಗ ಅಟಾರಿಯ ಮುಖ್ಯಸ್ಥ ರೇ ಕಸ್ಸಾರ್, ಬಟ್ಟೆ ಉದ್ಯಮದಿಂದ ಬಂದವರು. ಕ್ರೇನ್ ಆಮೇಲೆ ಹೇಳಿಕೊಂಡ ಪ್ರಕಾರ ಸಿಕ್ಕಿದ ಉತ್ತರದ ಸಾರ ಇದು: ಆಟ ಬರೆಯುವ ನಿಮಗೂ, ಸಾಲಿನಲ್ಲಿ ನಿಂತು ಕಾಟ್ರಿಜ್ ಜೋಡಿಸುವವರಿಗೂ ವ್ಯತ್ಯಾಸ ಏನಿಲ್ಲ.

ನಾಲ್ವರೂ ಹೊರಗೆ ಬಂದರು. 1979ರ ಅಕ್ಟೋಬರ್‌ನಲ್ಲಿ ಆಕ್ಟಿವಿಷನ್ ಹುಟ್ಟಿತು. ಅವರ ಆಟದ ಜೊತೆಗೆ ಬರುವ ಪುಸ್ತಕದಲ್ಲಿ ಆಟ ಮಾಡಿದವನ ಹೆಸರು, ಫೋಟೋ, ಹೇಗೆ ಆಡಬೇಕೆಂದು ಅವನೇ ಹೇಳುವ ನಾಲ್ಕು ಮಾತು, ಎಲ್ಲ ಇರುತ್ತಿತ್ತು. ಅಟಾರಿಯಲ್ಲೇ ಕೆಲಸ ಮಾಡಿದ ವಾರೆನ್ ರಾಬಿನೆಟ್ ಎಂಬವನು ಇನ್ನೊಂದು ದಾರಿ ಹಿಡಿದ. ತನ್ನ 'ಅಡ್ವೆಂಚರ್' ಎಂಬ ಆಟದೊಳಗೆ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಮಾಡಿ, ಇದನ್ನು ಮಾಡಿದವನು ನಾನು ಎಂದು ಅದರಲ್ಲಿ ಬರೆದಿಟ್ಟ. ಕಂಪೆನಿಗೆ ಗೊತ್ತಾದದ್ದು ಆಟ ಮಾರಾಟವಾಗಿ, ಯಾರೋ ಒಬ್ಬ ಹುಡುಗ ಆ ಕೋಣೆಯನ್ನು ಕಂಡುಹಿಡಿದು ಪತ್ರ ಬರೆದ ಮೇಲೆ.

ಅಮೆರಿಕದಲ್ಲಿ ಹೆಸರು ಬೇಕೆಂದು ಒಂದು ಕಂಪೆನಿ ಹುಟ್ಟಿದ ಮರುತಿಂಗಳೇ ಕ್ಯೋಟೋದಲ್ಲಿ ತೋಸೆ ಹುಟ್ಟಿತು. ಅದು ಹೋದದ್ದು ಪೂರಾ ಉಲ್ಟಾ ದಿಕ್ಕಿಗೆ.

ತೋಸೆ ಶುರು ಮಾಡಿದ್ದು ನಾಣ್ಯ ಹಾಕಿ ಆಡುವ ದೊಡ್ಡ ಮೆಶಿನ್‌ಗಳ ಆಟದಿಂದ. 1981ರ 'ವ್ಯಾನ್‌ಗಾರ್ಡ್' ಎಂಬ ಆಟವನ್ನು ತೆಗೆದುಕೊಳ್ಳಿ. ಗುಹೆಯೊಳಗೆ ಹಾರುವ ಒಂದು ವಿಮಾನ. ಗುಂಡು ಹೊಡೆಯಲು ನಾಲ್ಕು ಬಟನ್, ನಾಲ್ಕು ದಿಕ್ಕಿಗೆ. ಜಪಾನಿನಲ್ಲಿ ಅದನ್ನು ಮಾರಿದ್ದು ಎಸ್‌ಎನ್‌ಕೆ, ಅಮೆರಿಕದಲ್ಲಿ ಸೆಂಚುರಿ, ಮನೆಯ ಟಿವಿಗೆ ತಂದದ್ದು ಅಟಾರಿ. ಮೂರು ಕಂಪೆನಿಗಳ ಹೆಸರು ಬಂತು. ಮಾಡಿದವರದ್ದು ಬರಲಿಲ್ಲ.

1983ರ ಜುಲೈನಲ್ಲಿ ನಿಂಟೆಂಡೊ ಕಂಪೆನಿ ಫ್ಯಾಮಿಕಾಮ್ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ನಿಂಟೆಂಡೊ ಕೂಡ ಕ್ಯೋಟೋದ್ದೇ. 1889ರಲ್ಲಿ ಆಡುವ ಎಲೆಗಳನ್ನು ಮಾಡುತ್ತಾ ಶುರುವಾದ ಮನೆತನ. ಫ್ಯಾಮಿಕಾಮ್ ಎಂದರೆ ನಮಗೆ ತಿಳಿಯಲಿಕ್ಕಿಲ್ಲ. ಆದರೆ ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ಮಾಮಂದಿರು ತರುತ್ತಿದ್ದ ಟಿವಿ ಗೇಮ್ ಎಂದರೆ ನನ್ನ ಪ್ರಾಯದವರಿಗೆ ಕೂಡಲೇ ತಿಳಿಯುತ್ತದೆ. ಅದು ಆ ಫ್ಯಾಮಿಕಾಮ್‌ನ ನಕಲಿ. ಹಳದಿ ಕ್ಯಾಸೆಟ್, ಮೇಲೆ ಸಾವಿರಗಟ್ಟಲೆ ಆಟ ಉಂಟು ಎಂದು ಬರೆದಿರುತ್ತಿತ್ತು, ಒಳಗೆ ನೋಡಿದರೆ ಅದದೇ ಆಟ ಬೇರೆ ಬೇರೆ ಹೆಸರಿನಲ್ಲಿ. ನಮ್ಮ ಮನೆಗೂ ಒಂದು ಬಂದಿತ್ತು. ಎರಡು ಬಲೂನು ಕಟ್ಟಿಕೊಂಡು ಕೈ ಬಡಿದು ಹಾರುವ ಮನುಷ್ಯನ ಆಟ ನಿಮಗೆ ನೆನಪಿರಬಹುದು. ಅದು ನಿಂಟೆಂಡೊ ಹೆಸರಿನ 'ಬಲೂನ್ ಫೈಟ್'. ಅದರ ಪ್ರೋಗ್ರಾಮ್ ಬರೆದದ್ದು ಹಾಲ್ ಎಂಬ ಸಣ್ಣ ಕಂಪೆನಿಯ ಸತೋರು ಇವಾತಾ ಎಂಬ ಹುಡುಗ. ಇಡೀ ಆಟದ ಗಾತ್ರ 24 ಕಿಲೋಬೈಟ್. ಇವತ್ತು ನಾವು ವಾಟ್ಸಾಪಿನಲ್ಲಿ ಕಳಿಸುವ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆ ಇವಾತಾ ಮುಂದೆ 2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದರು. ಹೊರಗಿನ ಕೆಲಸ ಮಾಡಿಕೊಡುತ್ತಾ ಇದ್ದವರಿಗೆ ಅಷ್ಟು ದೊಡ್ಡ ಹೆಸರು ಬರುವುದು ತುಂಬಾ ಅಪರೂಪ. ನಕಲಿ ಕ್ಯಾಸೆಟ್ ಮಾಡುವವರಂತೂ ಎಷ್ಟೋ ಆಟಗಳ ಮೊದಲ ಪರದೆಯಿಂದ ಮಾರಿದ ಕಂಪೆನಿಯ ಹೆಸರನ್ನೂ ಒರೆಸಿ ಹಾಕಿದ್ದರು. ಹೀಗೆ ನಾವು ಚಿಕ್ಕವರಿರುವಾಗ ಯಾರು ಮಾಡಿದ್ದೆಂದು ಗೊತ್ತಿಲ್ಲದ ಆಟಗಳನ್ನು ಆಡಿ ಬೆಳೆದವರು.

ಫ್ಯಾಮಿಕಾಮ್ ಬಂದ ಮೇಲೆ ತೋಸೆಗೆ ಕೆಲಸ ಯಾಕೆ ಸಿಕ್ಕಿತು ಎಂಬುದನ್ನು ಅಂಗಡಿಯ ಲೆಕ್ಕದಲ್ಲಿ ಹೇಳಿದರೆ ಸುಲಭ. ಆ ಪೆಟ್ಟಿಗೆಗೆ ಆಟ ಮಾಡಿದರೆ ದುಡ್ಡು ಉಂಟು ಎಂದು ಎಲ್ಲರಿಗೂ ಗೊತ್ತಾಯಿತು. ಬಂದೈಯಂತಹ ಗೊಂಬೆ ಮಾರುವ ಕಂಪೆನಿಗಳ ಹತ್ತಿರ ಒಳ್ಳೆಯ ಹೆಸರು ಇತ್ತು, ಮಕ್ಕಳಿಗೆ ಪ್ರೀತಿಯ ಕಾರ್ಟೂನುಗಳ ಹಕ್ಕು ಇತ್ತು, ಊರೂರಿನ ಅಂಗಡಿಗಳ ಪರಿಚಯ ಇತ್ತು. ಆಟ ಬರೆಯಲು ಗೊತ್ತಿರುವ ಜನ ಸಾಕಷ್ಟು ಇರಲಿಲ್ಲ. ತೋಸೆಯ ಹತ್ತಿರ ಜನ ಇದ್ದರು, ಮಾರುವ ದಾರಿ ಇರಲಿಲ್ಲ. ಅದೂ ಅಲ್ಲದೆ ಕಾಟ್ರಿಜ್ ಮಾಡಿಸಲು ನಿಂಟೆಂಡೊಗೆ ಮೊದಲೇ ಹಣ ಕಟ್ಟಬೇಕಿತ್ತು. ಲಕ್ಷ ಕಾಟ್ರಿಜ್ ಮಾಡಿಸಿ ಮಾರಾಟವಾಗದಿದ್ದರೆ ನಷ್ಟ ಪೆಟ್ಟಿಗೆಯ ಮೇಲೆ ಹೆಸರು ಇರುವವನದ್ದು. ಮಾಡಿಕೊಟ್ಟವನಿಗೆ ಮಾತಾಡಿದ ಕೂಲಿ ಬರುತ್ತದೆ.

1985ರಲ್ಲಿ ಬಂದೈ ತನ್ನ ಮೊದಲ ಫ್ಯಾಮಿಕಾಮ್ ಆಟ ತಂದಿತು, 'ಕಿನ್ನಿಕುಮಾನ್' ಎಂಬ ಕುಸ್ತಿಯ ಆಟ. ಮಾಡಿದ್ದು ತೋಸೆ. ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು. ಮರುವರ್ಷ 'ಡ್ರಾಗನ್ ಬಾಲ್' ಆಟ ಬಂತು. ಅದೂ ತೋಸೆಯದ್ದೇ. ಅದರಲ್ಲಿ ಒಂದು ತಮಾಷೆ ಉಂಟು. ಅಮೆರಿಕದಲ್ಲಿ ಆಗ ಡ್ರಾಗನ್ ಬಾಲ್ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಕಳಿಸುವಾಗ ಆಟದ ಹೆಸರನ್ನು 'ಡ್ರಾಗನ್ ಪವರ್' ಎಂದು ಮಾಡಿದರು, ಗೋಕುವಿನ ಮುಖ ಬದಲಾಯಿಸಿದರು, ಬುಲ್ಮಾಳನ್ನು ನೋರಾ ಮಾಡಿದರು. ಮಾಡಿದವರ ಹೆಸರು ಇಲ್ಲದ ಆಟದಲ್ಲಿ ಕಥೆಯ ಜನರ ಹೆಸರೂ ಉಳಿಯಲಿಲ್ಲ. 1987ರಲ್ಲಿ ಜಲೆಕೋ ಎಂಬ ಕಂಪೆನಿಗೆ ಬೇಸ್‌ಬಾಲ್ ಆಟ ಮಾಡಿಕೊಟ್ಟರು. ಅದು ಎಷ್ಟು ನಡೆಯಿತೆಂದರೆ ಅದರ ಮುಂದಿನ ಭಾಗಗಳು ಒಂದರ ಹಿಂದೆ ಒಂದು ಬಂದವು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಆ ಕಾಲದ ಜಪಾನಿನಲ್ಲಿ ತೋಸೆ ಮಾತ್ರವಲ್ಲ, ದೊಡ್ಡ ದೊಡ್ಡ ಕಂಪೆನಿಗಳೂ ಕೆಲಸಗಾರರ ನಿಜವಾದ ಹೆಸರನ್ನು ಆಟದ ಕೊನೆಯಲ್ಲಿ ಹಾಕಲು ಹೆದರುತ್ತಿದ್ದವು. ಹೆಸರು ಕಂಡರೆ ಇನ್ನೊಬ್ಬ ಬಂದು ಹೆಚ್ಚು ಸಂಬಳ ತೋರಿಸಿ ಎಳೆದುಕೊಂಡು ಹೋಗುತ್ತಾನೆ. ಅದಕ್ಕೆ ಅಡ್ಡಹೆಸರು ಹಾಕುತ್ತಿದ್ದರು. ಒಳ್ಳೆಯ ಪರೋಟ ಮಾಡುವವನನ್ನು ಹೋಟೆಲಿನವರು ಒಳಗೇ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ತೋಸೆಯ ಮುಚ್ಚುಮರೆಗೆ ಇದಕ್ಕಿಂತ ಬೇರೆ ಕಾರಣ. ಅವರು ಒಂದೇ ಹೊತ್ತಿನಲ್ಲಿ ಪರಸ್ಪರ ಸ್ಪರ್ಧೆ ಇರುವ ಕಂಪೆನಿಗಳಿಗೆ ಕೆಲಸ ಮಾಡುತ್ತಾರೆ. ಒಬ್ಬ ಗಿರಾಕಿಯ ಗುಟ್ಟು ಇನ್ನೊಬ್ಬನಿಗೆ ಹೋಗಬಾರದು. ಗಿರಾಕಿಗಳಿಗೂ, ಈ ಆಟ ನಾವೇ ಮಾಡಿದ್ದು ಎಂದು ಆಡುವವರು ತಿಳಿಯಲಿ ಎಂಬ ಆಸೆ. ಆಟ ತಯಾರಕರ ಒಂದು ಪತ್ರಿಕೆಯೊಂದಿಗೆ 2006ರಲ್ಲಿ ಮಾತಾಡಿದ ತೋಸೆಯ ಅಮೆರಿಕ ವಿಭಾಗದ ಮಾಸಾ ಅಗಾರಿದಾ ಇದನ್ನು ಮುಚ್ಚಿಡದೆ ಹೇಳಿದರು: ನಾವು ಯಾವಾಗಲೂ ತೆರೆಯ ಹಿಂದೆ ಇರುವವರು, ನಮ್ಮದೇ ಆದ ಕನಸು ಇಟ್ಟುಕೊಳ್ಳುವುದಿಲ್ಲ, ಗಿರಾಕಿಯ ಕನಸನ್ನು ಮಾಡಿಕೊಡುತ್ತೇವೆ, ಹೆಚ್ಚಿನ ಸಲ ನಮ್ಮ ಕೆಲಸಗಾರರ ಹೆಸರನ್ನೂ ಹಾಕುವುದು ಬೇಡ ಎನ್ನುತ್ತೇವೆ ಎಂಬ ಅರ್ಥದಲ್ಲಿ. ಅವರ ಮಾತಿನಲ್ಲಿ ದುಃಖ ಕಾಣಲಿಲ್ಲ. ಸ್ವಲ್ಪ ಹೆಮ್ಮೆಯೇ ಕಂಡಿತು.

ಆ ಹೆಮ್ಮೆಗೆ ಆಧಾರ ಉಂಟು. 1998ರಲ್ಲಿ ಎನಿಕ್ಸ್ ಕಂಪೆನಿಯ 'ಡ್ರಾಗನ್ ಕ್ವೆಸ್ಟ್ ಮಾನ್‌ಸ್ಟರ್ಸ್' ಬಂತು. ಜಪಾನಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟ. ಅದರ ರಾಕ್ಷಸರ ಚಿತ್ರ ಬರೆದದ್ದು ಅಕಿರಾ ತೊರಿಯಾಮಾ, ಡ್ರಾಗನ್ ಬಾಲ್ ಬರೆದವರೂ ಅವರೇ. ಹನ್ನೆರಡು ವರ್ಷದ ಅಂತರದಲ್ಲಿ ಎರಡು ಆಟ, ಎರಡರಲ್ಲಿಯೂ ತೊರಿಯಾಮಾ ಹೆಸರು ನೋಡಿ ಮಕ್ಕಳು ಓಡಿ ಬಂದರು. ಎರಡನ್ನೂ ಕೋಡ್ ಬರೆದು ನಿಲ್ಲಿಸಿದ ತೋಸೆ ಯಾರ ಕಣ್ಣಿಗೂ ಬೀಳಲಿಲ್ಲ. 1999ರಲ್ಲಿ 'ಕ್ರೊನೊ ಟ್ರಿಗರ್' ಎಂಬ ಹೆಸರಾಂತ ಆಟವನ್ನು ಪ್ಲೇಸ್ಟೇಷನ್‌ಗೆ ಕೂರಿಸುವ ಕೆಲಸ ಅವರಿಗೆ ಸಿಕ್ಕಿತು. ಹಳೆಯ ಎಂಜಿನ್ನನ್ನು ಹೊಸ ಚಾಸಿಸ್‌ಗೆ ಕೂರಿಸಿದವರಿಗೆ ಈ ಕೆಲಸದ ಕಷ್ಟ ಗೊತ್ತು. ಹಳೆಯ ಆಟ ಕಾಟ್ರಿಜ್‌ನಿಂದ ಓಡುತ್ತಿತ್ತು, ಅಲ್ಲಿ ಕಾಯುವ ಪ್ರಶ್ನೆ ಇಲ್ಲ. ಪ್ಲೇಸ್ಟೇಷನ್ ಸಿಡಿಯಿಂದ ಓದಬೇಕು. ಹೋರಾಟ ಶುರುವಾಗುವಾಗ, ಮೆನು ತೆರೆಯುವಾಗ ಆಟ ನಿಂತು ನಿಂತು ಹೋಗುತ್ತಿತ್ತು. ಆಡಿದವರು ಬೈದರು. ಬೈದದ್ದು ಸ್ಕ್ವೇರ್ ಕಂಪೆನಿಗೆ, ಯಾಕೆಂದರೆ ಪೆಟ್ಟಿಗೆಯ ಮೇಲೆ ಇದ್ದ ಹೆಸರು ಅದು. ಹೆಸರು ಇಲ್ಲದಿದ್ದರೆ ಹೊಗಳಿಕೆ ಬರುವುದಿಲ್ಲ, ಬೈಗುಳವೂ ಬರುವುದಿಲ್ಲ. ಮುಂದೆ 2008ರಲ್ಲಿ ಅದೇ ಆಟವನ್ನು ನಿಂಟೆಂಡೊ ಡಿಎಸ್‌ಗೆ ತರುವ ಕೆಲಸವೂ ತೋಸೆಗೇ ಹೋಯಿತು. ಆ ಸಲ ಹೆಚ್ಚಿನವರು ಮೆಚ್ಚಿದರು.

ನನ್ನ ಉಪ್ಪ ಅಂಗಡಿಯಲ್ಲಿ ಒಂದು ಮಾತು ಹೇಳುತ್ತಿದ್ದರು: "ಹೆಸರು ಕೇಳಿ ಬಂದ ಗಿರಾಕಿ, ತೂಕ ನೋಡಿ ಮತ್ತೆ ಬರ್ತಾನೆ." ತೋಸೆಗೆ ಹೆಸರು ಕೇಳಿ ಬರುವ ಗಿರಾಕಿ ಇರಲಿಲ್ಲ. ತೂಕ ನೋಡಿ ಮತ್ತೆ ಬಂದವರಿಂದಲೇ ಅವರ ಅಂಗಡಿ ನಡೆಯಿತು. 1999ರಲ್ಲಿ ಒಸಾಕಾದ ಷೇರುಪೇಟೆಗೆ ಬಂದರು, ಆಮೇಲೆ ಟೋಕಿಯೋದ್ದಕ್ಕೂ. ಚೀನಾದ ಶಾಂಘೈ, ಹ್ಯಾಂಗ್‌ಝೌ ನಗರಗಳಲ್ಲಿ ಕಚೇರಿ ತೆರೆದರು. ಮತ್ತೊಂದು ಕಡೆ ಹೆಸರು ಇದ್ದವರ ಕಥೆ ನೋಡಿ. ವ್ಯಾನ್‌ಗಾರ್ಡ್ ಮಾರಿದ ಎಸ್‌ಎನ್‌ಕೆ 2001ರಲ್ಲಿ ದಿವಾಳಿಯಾಯಿತು. ಆಮೇಲೆ ಆ ಹೆಸರು ಮತ್ತೆ ಎದ್ದು ಬಂತು, ಆದರೆ ಹಳೆಯ ಕಂಪೆನಿ ಹೋಯಿತು. ಬೇಸ್‌ಬಾಲ್ ಆಟ ಮಾರಿದ ಜಲೆಕೋ ಇವತ್ತು ಆಟದ ಕಂಪೆನಿಯಾಗಿ ಉಳಿದಿಲ್ಲ. ಅಟಾರಿ ಎಷ್ಟು ಸಲ ಮುರಿದು, ಎಷ್ಟು ಕೈಗಳಿಗೆ ಮಾರಾಟವಾಯಿತು ಎಂಬುದಕ್ಕೆ ಬೇರೆಯೇ ಪುರಾಣ ಬೇಕು. ಪೆಟ್ಟಿಗೆಯ ಮೇಲೆ ಮೆರೆದವರು ಹೋದರು, ಒಳಗೆ ಕೂತು ಮಾಡಿದವರು ಉಳಿದರು.

ತೋಸೆ ತನ್ನ ಹೆಸರನ್ನು ಎದ್ದು ಕಾಣುವ ಹಾಗೆ ಹಾಕಿಕೊಂಡ ಒಂದು ಜಾಗವೂ ಉಂಟು. 2002ರಲ್ಲಿ ನಿಂಟೆಂಡೊಗೆ 'ಸ್ಟಾಫಿ' ಎಂಬ ಆಟ ಮಾಡಿದರು. ಆಕಾಶದಿಂದ ಸಮುದ್ರಕ್ಕೆ ಬಿದ್ದ ನಕ್ಷತ್ರದ ಹಾಗಿನ ಒಬ್ಬ ಪುಟ್ಟ ರಾಜಕುಮಾರನ ಕಥೆ. ಅದರ ಹಕ್ಕು ನಿಂಟೆಂಡೊದ್ದೂ ಹೌದು, ತೋಸೆಯದ್ದೂ ಹೌದು. ಪರದೆಯಲ್ಲಿ ಎರಡೂ ಹೆಸರು ಇರುತ್ತದೆ. ಅದರಲ್ಲಿ ಐದು ಆಟ ಬಂದವು. ಐದನೆಯದ್ದು ಮಾತ್ರ 2009ರಲ್ಲಿ ಅಮೆರಿಕಕ್ಕೂ ಹೋಯಿತು. ಸಾವಿರ ಮಕ್ಕಳನ್ನು ಬೇರೆಯವರಿಗೆ ಸಾಕಿಕೊಟ್ಟವರು ಒಂದನ್ನು ತಮ್ಮದೆಂದು ಹೇಳಿಕೊಂಡ ಹಾಗೆ.

ಇಷ್ಟು ಓದಿ ನಾನು ತೋಸೆಯ ಅಭಿಮಾನಿಯಾದೆ ಎಂದರೆ ಸುಳ್ಳಲ್ಲ. ಆದರೆ ಒಂದು ಪ್ರಶ್ನೆ ಬಿಡಲಿಲ್ಲ. ಹೆಸರು ಬೇಡ ಎಂದು ತೀರ್ಮಾನ ಮಾಡಿದ್ದು ಯಾರು? ಕಂಪೆನಿ. ಒಳಗೆ ಕೂತು ರಾತ್ರಿ ಹಗಲು ಬರೆದ ಹುಡುಗನನ್ನು ಯಾರಾದರೂ ಕೇಳಿದ್ದಾರಾ? ಅವನು ಬೇರೆ ಕಡೆ ಕೆಲಸ ಕೇಳಲು ಹೋದರೆ, ಇಂಥ ಆಟ ನಾನು ಮಾಡಿದ್ದು ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅವನ ಮಕ್ಕಳು ಅದೇ ಆಟ ಆಡುತ್ತಾ ಇದ್ದರೆ ಪರದೆಯಲ್ಲಿ ತೋರಿಸಲು ಅಪ್ಪನ ಹೆಸರು ಇಲ್ಲ. ಹಳೆಯ ಆಟಗಳ ಕೋಡ್ ಬಿಡಿಸಿ ನೋಡಿ, ಒಳಗೆ ಎಲ್ಲಾದರೂ ಒಂದು ಅಕ್ಷರ ಉಳಿದಿದೆಯಾ ಎಂದು ಹುಡುಕುವ ಆಸಕ್ತರು ಇದ್ದಾರೆ. ಎಷ್ಟೋ ಆಟ ಯಾರದ್ದೆಂದು ಗೊತ್ತಾದದ್ದು ಅಂಥವರಿಂದ.

ಆದರೂ ಆ ಹುಡುಗನಿಗೆ ಒಂದು ಉಂಟು. ಕಂಪೆನಿಯ ಸಂಬಳದ ಪುಸ್ತಕದಲ್ಲಿ ಅವನ ಹೆಸರು ಉಂಟು. ಅವನು ಲೆಕ್ಕದೊಳಗಿನ ಮನುಷ್ಯ. ಷೇರುಪೇಟೆಗೆ ಹೋದ ಕಂಪೆನಿ ಪ್ರತಿ ವರ್ಷ ಲೆಕ್ಕ ತೋರಿಸಬೇಕು. ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಅದರಲ್ಲಿ ಬರೆಯಬೇಕು. ಆ ಸಂಖ್ಯೆಯಲ್ಲಿ ಅವನೂ ಒಬ್ಬ.

ಇಲ್ಲಿಯೇ ನನಗೆ ಉಮ್ಮನ ನೆನಪಾದದ್ದು. ನಮ್ಮ ಕಡೆಯ ಮನೆಗಳಲ್ಲಿ ಬೀಡಿ ಕಟ್ಟದ ಉಮ್ಮಂದಿರು ಎಷ್ಟು ಜನ ಇದ್ದರು ಹೇಳಿ. ಅದೂ ಜಾಬ್ ವರ್ಕೇ. ಎಲೆ ಅವರದ್ದು, ಹೊಗೆಸೊಪ್ಪು ಅವರದ್ದು, ನೂಲು ಅವರದ್ದು. ಮನೆಯ ಚಿಟ್ಟೆಯಲ್ಲಿ ಕೂತು ಎಲೆ ನೆನೆಸಿ, ಕತ್ತರಿಸಿ, ಸುತ್ತಿ, ತುದಿ ಮಡಚಿ ಕಟ್ಟುವುದು ಉಮ್ಮ. ಸಾವಿರಕ್ಕೆ ಇಷ್ಟು ಎಂದು ಕೂಲಿ. ಬೀಡಿ ಬ್ರಾಂಚಿನಲ್ಲಿ ಸರಿಯಿಲ್ಲದ್ದನ್ನು ಆರಿಸಿ ಬಿಸಾಡುತ್ತಾರೆ, ಅದರ ಕೂಲಿ ಇಲ್ಲ. ಉಳಿದದ್ದಕ್ಕೆ ಕಂಪೆನಿಯ ಲೇಬಲ್ ಬೀಳುತ್ತದೆ. ಬೀಡಿಯ ಕಟ್ಟಿನ ಮೇಲೆ ತನ್ನ ಹೆಸರು ಬರಬೇಕೆಂದು ಉಮ್ಮ ಯಾವತ್ತೂ ಬಯಸಲಿಲ್ಲ. ಬೀಡಿಗೆ ಹೆಸರು ಯಾಕೆ? ಉಪ್ಪನ ಅಂಗಡಿಯಲ್ಲಿ ಅದೇ ಲೇಬಲಿನ ಬೀಡಿ ಮಾರಾಟಕ್ಕೆ ಇರುತ್ತಿತ್ತು. ಉಮ್ಮ ಕಟ್ಟಿದ್ದೇ ಸುತ್ತಿ ಬಳಸಿ ಅಲ್ಲಿಗೆ ಬಂದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಉಮ್ಮನಿಗೆ ಆದ ಅನ್ಯಾಯ ಬೇರೆ. ಬೀಡಿ ಕೆಲಸಗಾರರಿಗೆ 1966ರಲ್ಲಿ ಕಾನೂನು ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು, ಆಮೇಲೆ ಪ್ರಾವಿಡೆಂಟ್ ಫಂಡ್ ಕೂಡ ಬಂತು. ಅದೆಲ್ಲ ಸಿಗುವುದು ಪಾಸ್ ಬುಕ್ಕಿನಲ್ಲಿ ಹೆಸರು ಇದ್ದವರಿಗೆ. ಉಮ್ಮ ಕಟ್ಟುತ್ತಿದ್ದ ಬ್ರಾಂಚಿನವರು ಹೊಸ ಕಾರ್ಡ್ ಮಾಡಿಕೊಡಲಿಲ್ಲ. ಸದ್ಯಕ್ಕೆ ನೆರೆಮನೆಯವರ ಪುಸ್ತಕದಲ್ಲಿ ಹಾಕಿ ಎಂದರು. ಆ ಸದ್ಯ ಇಪ್ಪತ್ತು ವರ್ಷ ನಡೆಯಿತು. ಉಮ್ಮ ಕಟ್ಟಿದ ಬೀಡಿಯ ಕೂಲಿ ಕೈಗೆ ಬಂದದ್ದು ಹೌದು. ಅದು ಬಿಟ್ಟರೆ ಉಳಿದದ್ದು ಯಾವುದೂ ಅವರ ಹೆಸರಿಗೆ ಸೇರಲಿಲ್ಲ. ಈಗ ಕಣ್ಣು ಮಂಜಾಗಿದೆ, ಬೆನ್ನು ಬಗ್ಗಿದೆ, ಬೀಡಿ ಕಟ್ಟಿದ್ದಕ್ಕೆ ಸಾಕ್ಷಿ ಬೆರಳುಗಳಲ್ಲಿ ಮಾತ್ರ ಉಂಟು. ನಾನು ಕೇಳಲು ಹೋದ ಕಚೇರಿಯಲ್ಲಿ ದಾಖಲೆ ತನ್ನಿ ಎಂದರು. ಬೆರಳನ್ನು ದಾಖಲೆ ಎಂದು ಯಾರು ಒಪ್ಪುತ್ತಾರೆ?

ಆದ್ದರಿಂದ ಹೆಸರಿನಲ್ಲಿ ಎರಡು ಬಗೆ ಉಂಟು ಎಂದು ನನಗೆ ಕಾಣುತ್ತದೆ. ಪೆಟ್ಟಿಗೆಯ ಮೇಲಿನದ್ದು ಒಂದು, ಪುಸ್ತಕದ ಒಳಗಿನದ್ದು ಇನ್ನೊಂದು. ಕ್ರೇನ್, ರಾಬಿನೆಟ್ ಅವರು ಹೋರಾಡಿದ್ದು ಮೊದಲನೆಯದಕ್ಕೆ. ಅದು ನ್ಯಾಯವಾದದ್ದೇ. ತೋಸೆ ಮೊದಲನೆಯದನ್ನು ಬಿಟ್ಟುಕೊಟ್ಟು ಅದನ್ನೇ ವ್ಯಾಪಾರ ಮಾಡಿಕೊಂಡಿತು. ಅದು ಸರಿಯಾ ಎಂದು ನಾವು ವಾದ ಮಾಡಬಹುದು. ಆದರೆ ಎರಡನೆಯದನ್ನು ಬಿಟ್ಟುಕೊಡುವ ಹಾಗೆ ಯಾರನ್ನೂ ಮಾಡಬಾರದು. ಅಟಾರಿಯ ಸಾಹೇಬರು ಹೇಳಿದ ಮಾತಿನಲ್ಲಿ ನನಗೆ ಚುಚ್ಚುವುದೂ ಅದೇ. ಸಾಲಿನಲ್ಲಿ ನಿಂತು ಜೋಡಿಸುವವರ ಹಾಗೆ ನೀವು ಎಂದು ಅವರು ಬೈಗುಳವಾಗಿ ಹೇಳಿದರು. ನಾನು ಸಾಲಿನಲ್ಲಿ ನಿಲ್ಲುವವನೇ. ಸಾಲಿನಲ್ಲಿ ನಿಂತವರಿಗೂ ಹೆಸರು ಉಂಟು.

ಕಣ್ಣೂರಿನಲ್ಲಿ 1969ರಲ್ಲಿ ಬೀಡಿ ಕೆಲಸಗಾರರು ದಿನೇಶ್ ಬೀಡಿ ಎಂಬ ಸಹಕಾರಿ ಸಂಘ ಕಟ್ಟಿದರು. ಖಾಸಗಿ ಕಂಪೆನಿಗಳು ಕೆಲಸ ನಿಲ್ಲಿಸಿ ಹೋದಾಗ ಕಟ್ಟುವವರೇ ಸೇರಿ ತಮ್ಮದೇ ಲೇಬಲ್ ಮಾಡಿಕೊಂಡದ್ದು ಅದು. ಸ್ಟಾಫಿ ಎಂಬ ಆ ಪುಟ್ಟ ನಕ್ಷತ್ರದ ಬಗ್ಗೆ ಓದುವಾಗ ನನಗೆ ದಿನೇಶ್ ಬೀಡಿ ನೆನಪಾಯಿತು. ಕೆಲಸ ಮಾಡುವವರ ಕೈಗೆ ಲೇಬಲ್ ಬರುವುದು ಆಗದ ಮಾತಲ್ಲ. ಬಹಳ ಸಲ ಆಗುವುದಿಲ್ಲ, ಅಷ್ಟೇ.

ನಮ್ಮ ವರ್ಕ್‌ಶಾಪಿನಲ್ಲಿ ಪ್ರತಿ ಕೆಲಸದ ಜೊತೆ ಒಂದು ರೂಟ್ ಕಾರ್ಡ್ ಹೋಗುತ್ತದೆ. ಯಾವ ಮೆಶಿನ್, ಯಾವ ದಿನ, ಯಾರು ಮಾಡಿದ್ದು ಎಂದು ಬರೆಯಲು ಅದರಲ್ಲಿ ಜಾಗ ಉಂಟು. ಅವಸರದಲ್ಲಿ ಹೆಚ್ಚಿನವರು ಒಂದು ಗೀಟು ಎಳೆದು ಬಿಡುತ್ತಾರೆ. ತೋಸೆಯ ಕಥೆ ಓದಿದ ಮೇಲೆ ನಾನು ನನ್ನ ಶಿಫ್ಟಿನ ಹುಡುಗರ ಹತ್ತಿರ ಪೂರ್ತಿ ಹೆಸರು ಬರೆಸುತ್ತೇನೆ. ಅಸ್ಸಾಮಿನಿಂದ, ಬಿಹಾರದಿಂದ ಬಂದ ಹುಡುಗರು ನಗುತ್ತಾರೆ. ಪಾರ್ಟಿಗೆ ಆ ಕಾರ್ಡ್ ಹೋಗುವುದಿಲ್ಲ, ನಮ್ಮ ಕಪಾಟಿನಲ್ಲಿಯೇ ಇರುತ್ತದೆ. ಇರಲಿ.

ನಿಮ್ಮ ಮನೆಯಲ್ಲಿ ಉಮ್ಮನೋ, ಮಾಮಿಯೋ, ತಂಗಿಯೋ ಈಗಲೂ ಬೀಡಿ ಕಟ್ಟುತ್ತಿದ್ದರೆ ಒಂದು ಕೆಲಸ ಮಾಡಿ. ಪಾಸ್ ಬುಕ್ ತೆರೆದು ಅದರಲ್ಲಿ ಯಾರ ಹೆಸರು ಉಂಟು ಎಂದು ನೋಡಿ. ಆಧಾರ್‌ನಲ್ಲಿ ಇರುವ ಹೆಸರೂ ಅದೂ ಒಂದೇನಾ ಎಂದು ನೋಡಿ. ಬೇರೆಯವರ ಪುಸ್ತಕದಲ್ಲಿ ಹೋಗುತ್ತಾ ಇದ್ದರೆ ಇವತ್ತೇ ಹೋಗಿ ಕೇಳಿ. ನಾಳೆಗೆ ಇಡಬೇಡಿ.